ವಾಯು ಸಂಚಾರ ನಿಯಂತ್ರಕರ ಕಾರ್ಯಭಾರ: ವಿಮಾನಗಳ ಎಣಿಕೆಯೊಂದೇ ಸಾಲದು

2002ರ ಜುಲೈ 1ರ ರಾತ್ರಿ ಜರ್ಮನಿಯ ಉಬರ್ಲಿಂಗೆನ್ ಪಟ್ಟಣದ ಬಳಿ ಆಗಸದಲ್ಲಿ ಎರಡು ವಿಮಾನಗಳು ಪರಸ್ಪರ ಡಿಕ್ಕಿ ಹೊಡೆದು 71 ಜನರು ಮೃತಪಟ್ಟರು. ಆ ಹೊತ್ತಿನಲ್ಲಿ ಅಲ್ಲಿ ವಿಮಾನಗಳ ದಟ್ಟಣೆ ಇರಲಿಲ್ಲವೆಂಬುದು ಗಮನಾರ್ಹ. ಜ್ಯೂರಿಕ್ ನಿಯಂತ್ರಣ ಕೇಂದ್ರದಲ್ಲಿ ಒಬ್ಬರೇ ನಿಯಂತ್ರಕರು ಎರಡು ಸ್ಥಾನಗಳ ಕೆಲಸವನ್ನು ನಿರ್ವಹಿಸುತ್ತಿದ್ದರು. ರೇಡಾರ್ ವ್ಯವಸ್ಥೆಯ ನಿರ್ವಹಣಾ ಕಾಮಗಾರಿ ನಡೆದಿತ್ತು. ಮುಖ್ಯ ದೂರವಾಣಿ ಸಂಪರ್ಕವೂ ಸ್ಥಗಿತಗೊಂಡಿತ್ತು. ತಡವಾಗಿ ಬಂದ ಮತ್ತೊಂದು ವಿಮಾನವನ್ನು ಇಳಿಸುವತ್ತ ಅವರ ಗಮನವಿದ್ದುದರಿಂದ, ಅಪಾಯವು ತಿಳಿದದ್ದು ಡಿಕ್ಕಿಗೆ ಒಂದು ನಿಮಿಷಕ್ಕಿಂತ ಕಡಿಮೆ ಕಾಲ ಉಳಿದಿದ್ದಾಗ. ಅವರಿತ್ತ ಸೂಚನೆಯು ವಿಮಾನದೊಳಗಿನ ಎಚ್ಚರಿಕೆ ಉಪಕರಣದ ಸೂಚನೆಗೆ ವಿರುದ್ಧವಾಯಿತು.

ಎಣಿಕೆಯ ವಿಧಾನ

ನಿಯಂತ್ರಣದ ಅನುಕೂಲಕ್ಕಾಗಿ ವಾಯುಪ್ರದೇಶವನ್ನು ವಲಯಗಳಾಗಿ ವಿಂಗಡಿಸಲಾಗಿದೆ. ಅಮೆರಿಕದ ಪದ್ಧತಿಯಲ್ಲಿ, ವಿಮಾನವೊಂದು ವಲಯದೊಳಗೆ ಸರಾಸರಿ 12 ನಿಮಿಷ ಇರುವುದಾದರೆ, ಏಕಕಾಲದ ಎಚ್ಚರಿಕೆಯ ಮಿತಿಯು ಸಾಮಾನ್ಯವಾಗಿ 18 ವಿಮಾನಗಳು. ಇದು ಸರಳ ವಿಧಾನ. ಆದರೆ ಒಂದೇ ದಿಕ್ಕಿನಲ್ಲಿ ಸಮಾನಾಂತರವಾಗಿ ಸಾಗುವ ಹದಿನೈದು ವಿಮಾನಗಳಿಗಿಂತ, ಏರುತ್ತ ಇಳಿಯುತ್ತ ಪರಸ್ಪರ ಮಾರ್ಗ ದಾಟುವ ಎಂಟು ವಿಮಾನಗಳು ಹೆಚ್ಚಿನ ಶ್ರಮವನ್ನು ಬೇಡಬಹುದು.

ಕಾಲದ ಅಳತೆ

ಯೂರೋಪಿನ ವಾಯು ಸಂಚಾರ ಸಂಸ್ಥೆಯಾದ ಯೂರೋಕಂಟ್ರೋಲ್ ಬಳಸುವ ಒಂದು ವಿಧಾನದಲ್ಲಿ, ರೇಡಿಯೋ ಸಂಭಾಷಣೆ, ನೆರೆಯ ವಲಯದೊಡನೆ ಸಮನ್ವಯ, ಡಿಕ್ಕಿಯ ಸಂಭವವನ್ನು ಗುರುತಿಸಿ ನಿವಾರಿಸುವುದು ಮುಂತಾದ ಪ್ರತಿಯೊಂದು ಕಾರ್ಯಕ್ಕೆ ತಗಲುವ ಕಾಲವನ್ನು ಕೂಡಿಸಲಾಗುತ್ತದೆ. ಒಂದು ಗಂಟೆಯಲ್ಲಿ ಈ ಮೊತ್ತವು 42 ನಿಮಿಷಗಳನ್ನು, ಅಂದರೆ ಶೇ. 70ನ್ನು ತಲುಪಿದರೆ ಅದು ಅತಿಭಾರ. ಉಳಿದ 18 ನಿಮಿಷಗಳು ವಿರಾಮವಲ್ಲ. ಅನಿರೀಕ್ಷಿತವನ್ನು ಎದುರಿಸಲು ಮೀಸಲಿಟ್ಟ ಕಾಲ.

ಮುನ್ಸೂಚನೆಯ ಮಿತಿಗಳು

ವಿಮಾನವು ನೆಲ ಬಿಡುವುದು ಕೆಲವು ನಿಮಿಷ ತಡವಾದರೂ, ಗುಡುಗು ಮೋಡಗಳಿಂದ ಮಾರ್ಗ ಬದಲಾದರೂ ಲೆಕ್ಕಾಚಾರ ವ್ಯತ್ಯಾಸವಾಗುತ್ತದೆ. ಇದಲ್ಲದೆ, ಪಾಳಿಯಲ್ಲಿರುವ ಸಿಬ್ಬಂದಿಯ ಸಂಖ್ಯೆ ಹಾಗೂ ಉಪಕರಣಗಳ ಸ್ಥಿತಿಯನ್ನು ಪರಿಗಣಿಸದ ಮುನ್ಸೂಚನೆಯು ಅಪೂರ್ಣ. ಉಬರ್ಲಿಂಗೆನ್ ದುರಂತವು ಕಲಿಸಿದ ಪಾಠ ಇದೇ.

ಭಾರತದಲ್ಲಿ

ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರವು ನವದೆಹಲಿಯ ಕೇಂದ್ರದ ಮೂಲಕ ದೇಶದ ವಾಯು ಸಂಚಾರ ಹರಿವನ್ನು ನಿರ್ವಹಿಸುತ್ತಿದೆ. ಸಾಮರ್ಥ್ಯಕ್ಕಿಂತ ಬೇಡಿಕೆ ಹೆಚ್ಚುವ ಸಂಭವವಿದ್ದಲ್ಲಿ, ವಿಮಾನಗಳನ್ನು ಆಗಸದಲ್ಲಿ ಸುತ್ತಿಸುವ ಬದಲು ಹೊರಡುವ ನಿಲ್ದಾಣದಲ್ಲಿಯೇ ತಡೆಹಿಡಿಯಲಾಗುತ್ತದೆ. ಮುಂಬಯಿಯಲ್ಲಿ ವಿಮಾನಗಳು ದೀರ್ಘಕಾಲ ಆಗಸದಲ್ಲಿ ಕಾಯಬೇಕಾಗಿದ್ದ ಕಾರಣ, 2024ರಲ್ಲಿ ದಟ್ಟಣೆಯ ವೇಳೆಯ ಸಂಚಾರವನ್ನು ಗಂಟೆಗೆ 46ರಿಂದ 44ಕ್ಕೆ ಇಳಿಸಲಾಯಿತು. ಬೆಂಗಳೂರಿನಲ್ಲಿ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ, ಯಲಹಂಕ ವಾಯುನೆಲೆ ಹಾಗೂ ಹೆಚ್‌ಎಎಲ್ ವಿಮಾನ ನಿಲ್ದಾಣಗಳು ಪರಸ್ಪರ ಸಮೀಪದಲ್ಲಿರುವುದರಿಂದ, ಇಲ್ಲಿಯೂ ಕೇವಲ ಎಣಿಕೆಯಿಂದ ಕಾರ್ಯಭಾರವನ್ನು ಅಳೆಯಲಾಗದು.

ಸಾರ್ವಜನಿಕರ ಗಮನಕ್ಕೆ

ಅನುಮತಿಗಾಗಿ ವಿಮಾನವು ನೆಲದಲ್ಲಿ ಕಾಯುತ್ತಿದೆಯೆಂಬ ಪ್ರಕಟಣೆ ಕೇಳಿಬಂದಾಗ ಪ್ರಯಾಣಿಕರಿಗೆ ಬೇಸರವಾಗುವುದು ಸಹಜ. ಆದರೆ ಆ ವಿಳಂಬವು ಅನೇಕ ವೇಳೆ, ಮುಂದಿನ ವಲಯದಲ್ಲಿ ಕುಳಿತ ನಿಯಂತ್ರಕರೊಬ್ಬರಿಗೆ ಯೋಚಿಸಲು ಕಾಲಾವಕಾಶ ಉಳಿಸುವ ಸುರಕ್ಷತಾ ಕ್ರಮವಾಗಿರುತ್ತದೆ.