ಸೋಲಲೆಂದೇ ಬರೆದ ಪಾತ್ರ

ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಪುಸ್ತಕ. ಕಪ್ಪು ಬಿಳುಪು ಚಿತ್ರ, ಇಪ್ಪತ್ತು ಚಿಲ್ಲರೆ ಪುಟ. ಓದಿ ಮುಗಿಸಲು ಐದು ನಿಮಿಷ ಸಾಕು. ಅಮೆರಿಕದಲ್ಲಿ ಇದನ್ನು ಬಸ್ಸಿನ ಸೀಟಿನ ಮೇಲೆ, ಯಾರದಾದರೂ ಕಣ್ಣಿಗೆ ಬೀಳುವಂಥ ಕಡೆಗಳಲ್ಲೆಲ್ಲ ಬಿಟ್ಟುಹೋಗುತ್ತಾರೆ. ಹ್ಯಾಲೊವೀನ್ ರಾತ್ರಿ ಮಿಠಾಯಿ ಕೇಳಿಕೊಂಡು ಬರುವ ಮಕ್ಕಳ ಚೀಲಕ್ಕೆ ಚಾಕೊಲೇಟಿನ ಜೊತೆ ಒಂದನ್ನು ಹಾಕಿ ಕಳಿಸುವವರೂ ಇದ್ದಾರೆ. ಜನರ ಬಾಯಲ್ಲಿ ಇದಕ್ಕೆ ‘ಚಿಕ್ ಟ್ರ್ಯಾಕ್ಟ್’ ಎಂದು ಹೆಸರು. ಕ್ಯಾಲಿಫೋರ್ನಿಯಾದ ಜ್ಯಾಕ್ ಚಿಕ್ (1924–2016) 1960ರ ದಶಕದ ಆರಂಭದಲ್ಲಿ ಶುರುಮಾಡಿದ ಕೆಲಸ ಇದು. ಚೀನಾದ ಕಮ್ಯುನಿಸ್ಟರು ಚಿತ್ರಕಥೆಗಳಿಂದ ಎಳೆಯರ ಮನಸ್ಸು ಗೆದ್ದರೆಂದು ಮಿಷನರಿಯೊಬ್ಬರು ಹೇಳಿದ್ದನ್ನು ಕೇಳಿ, ಸುವಾರ್ತೆಗೂ ಅದೇ ದಾರಿ ಆದೀತು ಎಂದು ಅವರಿಗೆ ಹೊಳೆಯಿತು. ಆಮೇಲೆ ಅದು ನೂರರಷ್ಟು ಭಾಷೆಗಳಿಗೆ ಹೋಯಿತು, ಕೋಟಿಗಟ್ಟಲೆ ಪ್ರತಿ ಹಂಚಿಕೆಯಾಯಿತು.

ತನ್ನ ದೇವರೇ ನಿಜವಾದ ದೇವರು ಎಂದು ಯಾರಾದರೂ ಸಾರಿದರೆ ನನ್ನ ತಕರಾರಿಲ್ಲ. ನಂಬಿದವರು ಸಾರುತ್ತಾರೆ, ಒಪ್ಪುವುದು ಬಿಡುವುದು ಕೇಳಿದವರ ಇಷ್ಟ. ನನಗೆ ನೋವಾಗುವುದು ಬೇರೆ ಕಡೆ. ಈ ಪುಟಗಳಲ್ಲಿ ಬರುವ ಮುಸ್ಲಿಮನಾಗಲಿ, ಕ್ಯಾಥೊಲಿಕನಾಗಲಿ, ಹಿಂದೂವಾಗಲಿ, ಒಬ್ಬರೂ ತಮ್ಮ ಮಾತನ್ನು ತಾವು ಆಡುವುದಿಲ್ಲ. ಅವರ ತಲೆಯ ಮೇಲಿನ ಬಲೂನಿಗೆ ಮಾತು ತುಂಬುವವನು ಅವರನ್ನು ಸೋಲಿಸಲೆಂದೇ ಕೂತವನು.

1994ರ ‘ಅಲ್ಲಾ ಹ್ಯಾಡ್ ನೋ ಸನ್’ ನೋಡಿ. ನಮಾಜು ಮಾಡುತ್ತಿರುವವರನ್ನು ಕಂಡ ಅಮೆರಿಕನ್ ಒಬ್ಬ, ಇವರು ಪೂಜಿಸುವುದು ಚಂದ್ರದೇವನನ್ನು ಎನ್ನುತ್ತಾನೆ. ಕೇಳಿಸಿಕೊಂಡ ಮುಸ್ಲಿಮ ಕೆಂಡವಾಗುತ್ತಾನೆ. ಕೆಲವೇ ಪುಟಗಳಲ್ಲಿ ಅವನ ಸಿಟ್ಟು ಇಳಿದು, ನಂಬಿಕೆ ಕುಸಿದು, ಕ್ರಿಸ್ತನನ್ನು ಒಪ್ಪಿಕೊಳ್ಳುತ್ತಾನೆ. ಸೂರ್ಯನಿಗೂ ಚಂದ್ರನಿಗೂ ತಲೆಬಾಗಬಾರದು, ಅವನ್ನು ಸೃಷ್ಟಿಸಿದವನಿಗೆ ಬಾಗಬೇಕು ಎಂದು ಕುರಾನಿನ 41ನೇ ಅಧ್ಯಾಯ ನೇರವಾಗಿ ಹೇಳುತ್ತದೆ. ಮದರಸಾಕ್ಕೆ ಹೋಗುವ ಹುಡುಗನೊಬ್ಬ ನಿಂತ ಕಾಲಲ್ಲಿ ಕೊಡಬಹುದಾದ ಉತ್ತರ ಇದು. ಆ ಉತ್ತರಕ್ಕೆ ಬಲೂನಿನಲ್ಲಿ ಜಾಗವಿಲ್ಲ. ಕೋಪಕ್ಕೆ ಇದೆ, ಶರಣಾಗತಿಗೆ ಇದೆ.

ಅನ್ಯಧರ್ಮ ಎಂದರೆ ಇಲ್ಲಿ ಬೇರೆ ದೇವರನ್ನು ನಂಬುವವರು ಮಾತ್ರವಲ್ಲ. ಅದೇ ಕ್ರಿಸ್ತನನ್ನು ನಂಬುವ ಕ್ಯಾಥೊಲಿಕರಿಗೆ ಬಿದ್ದ ಪೆಟ್ಟು ಬೇರೆ ಯಾರಿಗೆ ಬಿದ್ದದ್ದಕ್ಕಿಂತಲೂ ಕಡಿಮೆಯದಲ್ಲ. 1988ರ ‘ದಿ ಡೆತ್ ಕುಕೀ’ ಪೂಜೆಯಲ್ಲಿ ಹಂಚುವ ಪರಮಪ್ರಸಾದದ ಕುರಿತು. ಆ ರೊಟ್ಟಿಯ ಮೇಲಿರುವ ಐ, ಎಚ್, ಎಸ್ ಎಂಬ ಮೂರಕ್ಷರ ಈಜಿಪ್ಟಿನ ಐಸಿಸ್, ಹೋರಸ್, ಸೆಬ್ ದೇವತೆಗಳ ಹೆಸರೆಂದು ಪುಸ್ತಕ ಹೇಳುತ್ತದೆ. ಅವು ಗ್ರೀಕ್ ಲಿಪಿಯಲ್ಲಿ ಯೇಸುವಿನ ಹೆಸರಿನ ಮೊದಲ ಮೂರು ಅಕ್ಷರಗಳು. ಯೇಸುವಿನ ಹೆಸರನ್ನೇ ಯೇಸುವಿನ ಭಕ್ತರ ಮೇಲೆ ಆಪಾದನೆಯಾಗಿ ಹೊರಿಸಿದ್ದನ್ನು ಓದಿದಾಗ ನನಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚಾಯಿತು.

ದೊಡ್ಡ ಮಕ್ಕಳಿಗೆಂದು ಬಣ್ಣದ ಕಾಮಿಕ್ಸೂ ಬಂತು. 1974ರಲ್ಲಿ ಶುರುವಾದ ‘ದಿ ಕ್ರುಸೇಡರ್ಸ್’ ಸರಣಿಯಲ್ಲಿ ಒಬ್ಬ ಬಿಳಿಯ, ಒಬ್ಬ ಕರಿಯ, ಇಬ್ಬರು ಗಟ್ಟಿಮುಟ್ಟಾದ ನಾಯಕರು. 1979ರ ‘ಆಲ್ಬರ್ಟೊ’ ಸಂಚಿಕೆ, ತಾನು ಕ್ಯಾಥೊಲಿಕರ ಜೆಸ್ವಿಟ್ ಸಂಘದ ಪಾದ್ರಿಯಾಗಿದ್ದೆ ಎಂದು ಹೇಳಿಕೊಂಡ ಆಲ್ಬರ್ಟೊ ರಿವೇರಾ ಹೇಳಿದ, ಕ್ಯಾಥೊಲಿಕ್ ಚರ್ಚಿನ ಒಳಸಂಚಿನ ಕಥೆ. 1988ರ ‘ದಿ ಪ್ರಾಫೆಟ್’ ಇನ್ನೂ ಮುಂದೆ ಹೋಗಿ, ಇಸ್ಲಾಮನ್ನು ಹುಟ್ಟಿಸಿದ್ದೇ ವ್ಯಾಟಿಕನ್ ಎಂದಿತು. ಒಂದೇ ಕಲ್ಲು, ಎರಡು ಧರ್ಮ. ರಿವೇರಾನ ಕಥೆ ಸುಳ್ಳೆಂದು 1981ರಲ್ಲಿ ಬಯಲಿಗೆಳೆದದ್ದು ‘ಕಾರ್ನರ್‌ಸ್ಟೋನ್’, ‘ಕ್ರಿಶ್ಚಿಯಾನಿಟಿ ಟುಡೇ’ ಪತ್ರಿಕೆಗಳು. ಎರಡೂ ಇವ್ಯಾಂಜೆಲಿಕಲ್ ಪತ್ರಿಕೆಗಳೇ, ಅಂದರೆ ಚಿಕ್‌ರಂತೆಯೇ ಸುವಾರ್ತೆ ಸಾರುವ ಪ್ರಾಟೆಸ್ಟಂಟರವು. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಇವ್ಯಾಂಜೆಲಿಕಲ್ ಎಂದರೆ ಚಿಕ್ ಎಂದು ಬರೆದರೆ ಚಿಕ್ ಮಾಡಿದ್ದನ್ನೇ ನಾನೂ ಮಾಡಿದಂತಾಗುತ್ತದೆ.

ಅದೇ ಕಾಲದಲ್ಲಿ ಬೇರೆ ಬಗೆಯ ಕ್ರೈಸ್ತ ಕಾಮಿಕ್ಸೂ ಇತ್ತು. ನಮ್ಮ ಊರುಗಳ ಬಾಡಿಗೆ ಪುಸ್ತಕದಂಗಡಿಗಳಲ್ಲಿ ಸಿಗುತ್ತಿದ್ದ ಆರ್ಚಿ ಕಾಮಿಕ್ಸಿನ ಚಿತ್ರಕಾರ ಅಲ್ ಹಾರ್ಟ್ಲಿ ಧರ್ಮದ ಕಡೆ ಹೊರಳಿದ ಮೇಲೆ, 1970ರ ದಶಕದಲ್ಲಿ ‘ಸ್ಪೈರ್’ ಮಾಲಿಕೆಗೆ ಆರ್ಚಿ, ಬೆಟ್ಟಿಯರನ್ನೇ ಇಟ್ಟು ಕ್ರಿಸ್ತನ ಕಥೆ ಹೆಣೆದರು. ಪಾತ್ರಗಳನ್ನು ಬಳಸಲು ಒಪ್ಪಿಗೆ ಕೊಟ್ಟ ಆರ್ಚಿ ಕಂಪನಿಯ ಜಾನ್ ಗೋಲ್ಡ್‌ವಾಟರ್ ಯಹೂದಿ. ತನ್ನ ನಂಬಿಕೆಯನ್ನು ಹೇಳಿಕೊಳ್ಳಲು ಪಕ್ಕದವರ ನಂಬಿಕೆಯನ್ನು ಹೊಲಸು ಮಾಡಲೇಬೇಕಾಗಿಲ್ಲ ಎನ್ನುವುದಕ್ಕೆ ನನಗೆ ಇದೊಂದೇ ಸಂಗತಿ ಸಾಕು.

ಎದುರಾಳಿಯ ಸೋಲನ್ನು ಚಿತ್ರದಲ್ಲಿ ಕೊರೆದಿಡುವ ಆಸೆ ಅಮೆರಿಕದಲ್ಲಿ ಹುಟ್ಟಿದ್ದಲ್ಲ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಶಿವಭಕ್ತ ಏಕಾಂತದ ರಾಮಯ್ಯ ಜೈನರನ್ನು ಗೆದ್ದ ಕಥೆ ಕಲ್ಲಿನಲ್ಲಿ ಸಾಲುಸಾಲಾಗಿ ಇದೆ, ಚಿತ್ರದ ಜೊತೆ ವಿವರಿಸುವ ಬರಹವೂ ಇದೆ. ಜಿನಬಿಂಬ ಒಡೆಯುವುದು ಕೂಡ ಕಾಣುತ್ತದೆ. ಅಲ್ಲಿ ಜೈನರು ಏನೆಂದರು ಎನ್ನುವುದನ್ನು ಗೆದ್ದವರೇ ಬರೆಸಿದ್ದಾರೆ. ಆದರೆ ವಾದಕ್ಕಿಳಿಯುವವನು ಮೊದಲು ಪೂರ್ವಪಕ್ಷ ಮಂಡಿಸಬೇಕು ಎಂಬ ಕಟ್ಟಳೆಯೂ ಈ ನೆಲದ್ದೇ. ಎದುರಿನವನು ‘ಹೌದು, ನಾನು ಹೇಳುವುದು ಇದನ್ನೇ’ ಎಂದು ಒಪ್ಪುವ ಹಾಗೆ ಅವನ ಮಾತನ್ನು ಇಟ್ಟು, ಆಮೇಲೆ ಖಂಡಿಸಬೇಕು. ನಾನು ಚಿಕ್ ಪುಸ್ತಕಗಳನ್ನು ಅಳೆಯುವುದು ಈ ಕೋಲಿನಿಂದಲೇ, ಅಬ್ಬಲೂರನ್ನೂ ಹಾಗೆಯೇ.

ಹದಿಹರೆಯದವರ ವಿಷಯ ಬಂದಾಗ ನನ್ನ ಕಳವಳ ಹೆಚ್ಚುತ್ತದೆ. ಹೆಸರು ಹಾಕಿಸಿಕೊಳ್ಳದೆ ವರ್ಷಗಟ್ಟಲೆ ಚಿಕ್‌ಗೆ ಚಿತ್ರ ಬರೆದ ಕರಿಯ ಕಲಾವಿದ ಫ್ರೆಡ್ ಕಾರ್ಟರ್ ಅವರ ಕೈ ತುಂಬ ಪಳಗಿದ್ದು. ಬೆವರುವ ಮುಖ, ಭಯದಿಂದ ಅರಳಿದ ಕಣ್ಣು ಮರೆಯಲು ಬಿಡುವುದಿಲ್ಲ. ಹದಿನಾಲ್ಕರ ಹುಡುಗನಿಗೆ ಮುಸ್ಲಿಮ ಗೆಳೆಯ ಸಿಗುವ ಮೊದಲೇ ಈ ಮುಖ ಸಿಕ್ಕಿರುತ್ತದೆ. ಮುಂದೆ ನಿಜವಾದ ಒಬ್ಬ ಮುಸ್ಲಿಮ ಪಕ್ಕದ ಬೆಂಚಿನಲ್ಲಿ ಕೂತಾಗ, ಅವನೇನು ಹೇಳುತ್ತಾನೆಂದು ಕೇಳುವ ಕುತೂಹಲವೇ ಇರುವುದಿಲ್ಲ, ಅವನ ಮಾತು ಆಗಲೇ ಓದಿ ಆಗಿರುತ್ತದಲ್ಲ.

ಚಂದ್ರದೇವನ ಕಥೆ ಓದಿದ ಆ ಹುಡುಗ ಕೈರೋಗೆ ಹೋಗಿ ಕಾಪ್ಟಿಕ್ ಕ್ರೈಸ್ತರ ಚರ್ಚಿನಲ್ಲಿ ಕೂತರೆ, ತನ್ನಂತೆಯೇ ಯೇಸುವನ್ನು ನಂಬುವ ತನ್ನ ಓರಗೆಯ ಮಕ್ಕಳು ‘ಅಲ್ಲಾ’ ಎಂದು ಪ್ರಾರ್ಥಿಸುವುದನ್ನು ಕೇಳುತ್ತಾನೆ. ಅರಬ್ಬೀ ಮಾತಾಡುವ ಕ್ರೈಸ್ತರಿಗೆ ದೇವರಿಗಿರುವ ಶಬ್ದ ಅದು. ಅವರ ಬೈಬಲ್ಲಿನ ಮೊದಲ ಪುಟ ತೆರೆದರೆ, ಆಕಾಶವನ್ನೂ ಭೂಮಿಯನ್ನೂ ಉಂಟುಮಾಡಿದವನ ಹೆಸರು ಅಲ್ಲಾ ಎಂದೇ ಇದೆ.