ಹಳೇ ಪುಸ್ತಕಕ್ಕೆ ತಕ್ಕಡಿ ಬೇಡ, ಅಂಗಡಿ ಬೇಕು

ಕಗ್ಗದಾಸಪುರದಲ್ಲಿ ಹಳೇ ಪುಸ್ತಕದ ಅಂಗಡಿ ಇಡುತ್ತೇನೆ ಎಂದಾಗ ಮೂರು ಬಗೆಯ ಮಾತು ಕೇಳಿದೆ. ಚಿಕ್ಕಪ್ಪ, ‘ಇಲ್ಲಿ ಯಾರೋ ಓದ್ತಾರೆ? ದೋಸೆ ಹಿಟ್ಟು ಮಾರು, ಸಂಜೆ ಹೊತ್ತಿಗೆ ಖಾಲಿಯಾಗುತ್ತೆ’ ಎಂದರು. ಸಾಹಿತ್ಯದ ಗೆಳೆಯರು, ‘ಎಂಥಾ ಪುಣ್ಯದ ಕೆಲಸ!’ ಎಂದು ಕಣ್ಣರಳಿಸಿದರು. ಲೇಖಕರೊಬ್ಬರು, ‘ಹಳೇ ಪುಸ್ತಕ ಮಾರಿದರೆ ಬರೆದವನಿಗೆ ಏನು ಸಿಗುತ್ತೆ?’ ಎಂದು ಮುಖ ಗಂಟಿಕ್ಕಿದರು. ಅಂಗಡಿ ತೆರೆದು ಎಂಟು ತಿಂಗಳಾಯಿತು. ಈ ಮೂವರ ಜೊತೆಗಿನ ನನ್ನ ಜಗಳ ಇನ್ನೂ ಮುಗಿದಿಲ್ಲ.

ಮೊದಲು ಚಿಕ್ಕಪ್ಪನ ಮಾತು. ನಾನು ಹುಟ್ಟಿ ಬೆಳೆದದ್ದು ಇಲ್ಲೇ. ಎಚ್‌ಎಎಲ್, ಬೆಮೆಲ್, ಎನ್‌ಜಿಇಎಫ್‌ಗಳಲ್ಲಿ ದುಡಿದವರು ಸುತ್ತಮುತ್ತ ಸೈಟು ಕೊಂಡು ಮನೆ ಕಟ್ಟಿದರು. ಕಾರ್ಖಾನೆಗಳ ಕನ್ನಡ ಸಂಘಗಳು ರಾಜ್ಯೋತ್ಸವ ಮಾಡುತ್ತಿದ್ದವು, ಸ್ಪರ್ಧೆ ನಡೆಸಿ ಪುಸ್ತಕವನ್ನೇ ಬಹುಮಾನ ಕೊಡುತ್ತಿದ್ದವು. ಅವರ ಮನೆಯ ಶೋಕೇಸಿನಲ್ಲಿ ಕಾರಂತರು, ತ್ರಿವೇಣಿ, ತೇಜಸ್ವಿ ಇದ್ದರು. ಈಗ ಆ ಮನೆಗಳನ್ನು ಕೆಡವಿ ಪಿ.ಜಿ. ಕಟ್ಟುತ್ತಿದ್ದಾರೆ. ಪುಸ್ತಕಗಳು ಹಳೇ ಪೇಪರ್, ಮುರಿದ ಬಕೆಟ್ಟಿನ ಜೊತೆ ಗುಜರಿಗೆ ಹೋಗುತ್ತಿವೆ. ನನ್ನ ಮೊದಲ ಎರಡು ಚೀಲ ಪುಸ್ತಕ ಸಿಕ್ಕಿದ್ದೂ ಅಲ್ಲೇ, ತೂಕದ ಲೆಕ್ಕದಲ್ಲಿ. ಒಂದರ ಒಳಪುಟದಲ್ಲಿ ನೀಲಿ ಶಾಯಿಯಲ್ಲಿ ಬರೆದಿತ್ತು: ‘ಪ್ರಬಂಧ ಸ್ಪರ್ಧೆ, ಎರಡನೇ ಬಹುಮಾನ’.

ಆದ್ದರಿಂದ ಇಲ್ಲಿ ಓದುವವರೇ ಇರಲಿಲ್ಲ ಎನ್ನುವುದು ಸುಳ್ಳು. ಇಲ್ಲದಿದ್ದದ್ದು ಅಂಗಡಿ. ಹಳೇ ಪುಸ್ತಕ ಬೇಕೆಂದರೆ ಅವೆನ್ಯೂ ರಸ್ತೆಗೋ ಚರ್ಚ್ ಸ್ಟ್ರೀಟಿಗೋ ಹೋಗಬೇಕಿತ್ತು. 2011ರಲ್ಲಿ ಬೈಯಪ್ಪನಹಳ್ಳಿಗೆ ಮೆಟ್ರೊ ಬಂತು ನಿಜ. ಆದರೆ ಜೇಬಿನಲ್ಲಿ ಐವತ್ತು ರೂಪಾಯಿ ಇರುವ ಎಂಟನೇ ಕ್ಲಾಸಿನ ಹುಡುಗಿ ಮೆಟ್ರೊ ಹತ್ತಿ ಪುಸ್ತಕ ಹುಡುಕಲು ಹೋಗುವುದಿಲ್ಲ. ಟ್ಯೂಷನ್ನಿನಿಂದ ಬರುವ ದಾರಿಯಲ್ಲಿ ಅಂಗಡಿ ಇದ್ದರೆ ನಿಲ್ಲುತ್ತಾಳೆ. ಚರ್ಚ್ ಸ್ಟ್ರೀಟಿನ ಬ್ಲಾಸಂ ಕಟ್ಟಿದ ಮಾಯಿಗೌಡರು ಶುರು ಮಾಡಿದ್ದೂ ಎಂ.ಜಿ. ರಸ್ತೆಯ ಫುಟ್‌ಪಾತಿನಲ್ಲಿ, ಓಡಾಡುವವರ ಕಾಲಬುಡದಲ್ಲಿ ಹಳೇ ಪುಸ್ತಕ ಹರವಿಕೊಂಡು. ಗಿರಾಕಿ ತಯಾರಾದ ಮೇಲೆ ಅಂಗಡಿ ತೆರೆಯುತ್ತೇನೆ ಎಂದು ಅವರು ಕಾದಿದ್ದರೆ ಇವತ್ತು ಅಲ್ಲಿ ಬ್ಲಾಸಂ ಇರುತ್ತಿರಲಿಲ್ಲ.

ಇನ್ನು ‘ಪುಣ್ಯದ ಕೆಲಸ’ ಎನ್ನುವ ಗೆಳೆಯರು. ಇವರು ಬರುತ್ತಾರೆ, ಹಳೇ ಹಾಳೆಯ ವಾಸನೆ ಮೂಸುತ್ತಾರೆ, ಫೋಟೊ ತೆಗೆಯುತ್ತಾರೆ, ‘ಬಿಡಬೇಡಿ, ಮುಂದುವರಿಸಿ’ ಎಂದು ಬೆನ್ನು ತಟ್ಟಿ ಹೋಗುತ್ತಾರೆ. ಪುಸ್ತಕ ಕೊಳ್ಳುವುದಿಲ್ಲ. ಮೊದಲು ಜೆರಾಕ್ಸ್ ಅಂಗಡಿಯಾಗಿದ್ದ ಈ ಹತ್ತಡಿ ಕೋಣೆಗೆ ಪ್ರತಿ ತಿಂಗಳು ಐದನೇ ತಾರೀಕು ಬಾಡಿಗೆ ಕಟ್ಟಬೇಕು. ಅದನ್ನು ಪುಣ್ಯದಲ್ಲಿ ಕಟ್ಟಲಾಗುವುದಿಲ್ಲ. ವೇಲ್ಸ್‌ನ ಹೇ-ಆನ್-ವೈ ಎಂಬ ಪುಟ್ಟ ಊರಿನಲ್ಲಿ ರಿಚರ್ಡ್ ಬೂತ್ 1960ರ ದಶಕದ ಆರಂಭದಲ್ಲಿ ಹಳೇ ಪುಸ್ತಕದ ಅಂಗಡಿ ತೆರೆದ. 1977ರ ಏಪ್ರಿಲ್ 1ರಂದು ‘ಈ ಊರಿಗೆ ನಾನೇ ರಾಜ’ ಎಂದು ಘೋಷಿಸಿಕೊಂಡ. ಎಲ್ಲರೂ ಹೇಳುವುದು ಆ ತಮಾಷೆಯನ್ನು. ಆದರೆ ಆ ಊರು ‘ಪುಸ್ತಕದ ಊರು’ ಆದದ್ದು ಕಿರೀಟದಿಂದಲ್ಲ, ವ್ಯಾಪಾರದಿಂದ. ಒಂದು ಅಂಗಡಿ ನಡೆದದ್ದರಿಂದ ಪಕ್ಕದಲ್ಲಿ ಇನ್ನೊಂದು ಬಂತು. ದೂರದಿಂದ ಬಂದು ಮೆಚ್ಚುವವರಿಗಿಂತ ಪಕ್ಕದ ರಸ್ತೆಯಿಂದ ಬಂದು ಚೌಕಾಸಿ ಮಾಡುವವರೇ ನನಗೆ ದೊಡ್ಡವರು.

ಕೊನೆಯದು ಲೇಖಕರ ದೂರು. ಮೂರರಲ್ಲಿ ಸ್ವಲ್ಪವಾದರೂ ನ್ಯಾಯ ಇರುವುದು ಇದರಲ್ಲೇ. ಕಾನೂನು ನನ್ನ ಕಡೆ ಇದೆ: 1957ರ ಹಕ್ಕುಸ್ವಾಮ್ಯ ಕಾಯ್ದೆಯ 14ನೇ ಕಲಂ ಪ್ರಕಾರ, ಒಮ್ಮೆ ಮಾರಾಟವಾಗಿ ಚಲಾವಣೆಗೆ ಬಂದ ಪ್ರತಿಯ ಮರುಮಾರಾಟಕ್ಕೆ ಲೇಖಕರ ಅನುಮತಿ ಬೇಕಿಲ್ಲ. ಆದರೂ ನಾನೊಂದು ನಿಯಮ ಇಟ್ಟುಕೊಂಡಿದ್ದೇನೆ. ಅಚ್ಚಿನಲ್ಲಿರುವ ಕನ್ನಡ ಪುಸ್ತಕ ಕೇಳಿದವರಿಗೆ ಹೊಸದನ್ನೇ ತರಿಸಿಕೊಡುತ್ತೇನೆ. ಕಳ್ಳಮುದ್ರಣದ ಪ್ರತಿಗಳನ್ನು ಒಳಗೆ ಬಿಡುವುದಿಲ್ಲ.

ಆದರೆ ಅಚ್ಚಿನಲ್ಲೇ ಇಲ್ಲದ ಪುಸ್ತಕಗಳ ಗತಿಯೇನು ಸ್ವಾಮಿ? ನಮ್ಮ ಎಷ್ಟೋ ಪುಸ್ತಕಗಳು ಒಂದೇ ಮುದ್ರಣ ಕಂಡು, ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಹೋಗಿ ಅಲ್ಲಿಗೇ ಮುಗಿಯುತ್ತವೆ. ಹೊಸ ಓದುಗನಿಗೆ ಅವು ಸಿಗುವುದು ಯಾರೋ ಓದಿ ಬಿಟ್ಟ ಪ್ರತಿಯಲ್ಲಿ ಮಾತ್ರ. ಲೇಖಕರಿಗೆ ಸಿಟ್ಟು ಬಂದಿದ್ದರೆ ಅದನ್ನು ತೋರಿಸಬೇಕಾದ ಜಾಗ ಬೇರೆ ಇದೆ. 1965ರ ಗ್ರಂಥಾಲಯ ಕಾಯ್ದೆಯಂತೆ ನಾವು ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಆ ಹಣ ಇಲಾಖೆಗೆ ಸರಿಯಾಗಿ ಸೇರಿಲ್ಲ ಎಂಬ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಅದನ್ನು ಕೇಳದೆ ಹತ್ತಡಿ ಅಂಗಡಿಯವನ ಮೇಲೆ ಗುಡುಗಿದರೆ ಏನು ಬಂತು?

ನೀವು ಓದುವವರಾದ್ದರಿಂದ ಒಂದು ಮಾತು. ಮನೆ ಖಾಲಿ ಮಾಡುವಾಗ ಗುಜರಿಯವನನ್ನು ಕೂಗುವ ಮೊದಲು, ನಿಮ್ಮ ಬಡಾವಣೆಯಲ್ಲಿ ಹಳೇ ಪುಸ್ತಕ ಕೊಳ್ಳುವವರು ಇದ್ದಾರೆಯೇ ವಿಚಾರಿಸಿ. ಇಲ್ಲದಿದ್ದರೆ ನೀವೇ ಯಾಕೆ ಶುರು ಮಾಡಬಾರದು? ನೀವು ಬೆಳೆದ ಬೀದಿಯಲ್ಲಿ ಯಾರ ಮನೆಯಲ್ಲಿ ಏನು ಓದುತ್ತಿದ್ದರು ಎನ್ನುವುದು ನಿಮಗೆ ಗೊತ್ತು. ಈ ವ್ಯಾಪಾರಕ್ಕೆ ಅದಕ್ಕಿಂತ ದೊಡ್ಡ ಬಂಡವಾಳ ಇಲ್ಲ.

ಆ ಎರಡನೇ ಬಹುಮಾನದ ಪುಸ್ತಕವನ್ನು ನೆನಪಿಗೆಂದು ಇಟ್ಟುಕೊಳ್ಳಿ ಎಂದು ಹಲವರು ಹೇಳಿದರು. ನಾನು ಇಟ್ಟುಕೊಂಡಿಲ್ಲ. ಬಾಗಿಲ ಪಕ್ಕದ ಕಪಾಟಿನಲ್ಲಿದೆ, ಬೆಲೆ 40 ರೂಪಾಯಿ. ಚೌಕಾಸಿ ಮಾಡಬಹುದು.