ಶಾಖದ ಲೆಕ್ಕ

2022ನೆಯ ಇಸವಿಯ ಜುಲೈ 19ನೆಯ ತಾರೀಖು ಇಂಗ್ಲೆಂಡಿನ ಕೋನಿಂಗ್ಸ್‌ಬಿ ಎಂಬಲ್ಲಿ ಉಷ್ಣಮಾಪಕವು 40.3 ಡಿಗ್ರಿಗೆ ಏರಿತು. ರಾಯಚೂರಿನವರು ಇದನ್ನು ಕೇಳಿ ನಕ್ಕಾರು. ಆದರೆ ಆ ದ್ವೀಪದಲ್ಲಿ ಅಂಥ ಬಿಸಿಲನ್ನು ಅದುವರೆಗೆ ಯಾರೂ ಅಳೆದಿರಲಿಲ್ಲ. ಅದೇ ದಿನ ಲಂಡನ್ನಿನ ಗೈಸ್ ಮತ್ತು ಸೇಂಟ್ ಥಾಮಸ್ ಆಸ್ಪತ್ರೆಗಳ ಗಣಕಯಂತ್ರಗಳನ್ನು ಇರಿಸಿದ್ದ ಎರಡು ಕೇಂದ್ರಗಳೂ ಕೆಟ್ಟು ನಿಂತವು. ರೋಗಿಗಳ ಪೂರ್ವವೃತ್ತಾಂತ, ಪರೀಕ್ಷೆಗಳ ಫಲಿತಾಂಶ ಎಲ್ಲವೂ ಯಂತ್ರದೊಳಗೇ ಸೆರೆಯಾದವು. ವೈದ್ಯರೂ ದಾದಿಯರೂ ಕಾಗದ ಲೇಖನಿಗಳಿಗೆ ಮರಳಬೇಕಾಯಿತು. ಎಲ್ಲವೂ ಮೊದಲಿನಂತಾಗಲು ವಾರಗಳೇ ಹಿಡಿದವು.

ಇಂಥ ಕೇಂದ್ರಗಳನ್ನು ಡೇಟಾ ಸೆಂಟರ್ ಎನ್ನುತ್ತಾರೆ. ಹೆಸರು ಕೇಳಿದೊಡನೆ ಗಣಕಪಂಡಿತರ ನೆನಪಾಗುವುದು ಸಹಜ. ಆ ಕಟ್ಟಡದ ನಕ್ಷೆಯ ಮುಂದೆ ಮೆಕ್ಯಾನಿಕಲ್ ಇಂಜಿನಿಯರನೂ ಕುಳಿತಿರುತ್ತಾನೆಂಬುದು ಬಹುಮಂದಿಗೆ ತಿಳಿಯದು. ಅವನ ಪಾಲಿಗೆ ಗಣಕವೆಂದರೆ ಒಂದು ಒಲೆ. ಅದು ಲೆಕ್ಕವನ್ನೇ ಮಾಡಲಿ, ಚಲಚ್ಚಿತ್ರವನ್ನೇ ಒದಗಿಸಲಿ, ಕುಡಿದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಹೊರಬೀಳುವುದು. ಸಾವಿರ ಕಿಲೋವಾಟ್ ಒಳಹೊಕ್ಕರೆ ಅಷ್ಟೇ ಶಾಖವನ್ನು ಹಗಲಿರುಳೂ ಹೊರಗೆ ಸಾಗಿಸಬೇಕು. ಒಂದೊಂದು ಕಿಲೋವಾಟಿನ ಸಾವಿರ ವಿದ್ಯುತ್ ಒಲೆಗಳು ಒಂದೇ ಸೂರಿನಡಿ ಉರಿಯುವುದನ್ನು ಊಹಿಸಬಹುದು! ಇಷ್ಟಾದರೂ ಗಣಕಗಳ ಮುಖಕ್ಕೆ ಬೀಸುವ ಗಾಳಿಯು 18ರಿಂದ 27 ಡಿಗ್ರಿಗಳೊಳಗೆ ಇರುವುದು ಲೇಸೆಂದು ಅಮೆರಿಕದ ಶೈತ್ಯೀಕರಣ ಇಂಜಿನಿಯರುಗಳ ಸಂಘವು ಸಲಹೆಯಿತ್ತಿದೆ.

ಶಾಖವನ್ನು ಕಳೆಯಲು ನೀರನ್ನು ಆವಿಯಾಗಿಸುವುದು ಒಂದು ಮಾರ್ಗ. ಇದರಿಂದ ವಿದ್ಯುತ್ತು ಉಳಿಯುತ್ತದೆ, ನಿಜ. ಆದರೆ ಸಾವಿರ ಕಿಲೋವಾಟಿನ ಶಾಖವೆಲ್ಲ ಹೀಗೆಯೇ ಹೋಗಬೇಕಾದರೆ ದಿನವೊಂದಕ್ಕೆ ಸುಮಾರು 35,000 ಲೀಟರು ನೀರು ಆಕಾಶದ ಪಾಲು. 2024ರ ಬೇಸಗೆಯಲ್ಲಿ ಕೊಳವೆಬಾವಿ ಬತ್ತಿ ಟ್ಯಾಂಕರಿನ ದಾರಿ ಕಾದ ಬೆಂಗಳೂರಿನವರಿಗೆ ಈ ಅಂಕಿಯ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರು ಬೇಡವೆಂದರೆ ಛಾವಣಿಯ ಮೇಲೆ ಶೈತ್ಯಯಂತ್ರಗಳನ್ನು ಸಾಲಾಗಿ ನಿಲ್ಲಿಸಬೇಕು. ಮನೆಯ ಫ್ರಿಜ್ಜು ಒಳಗಿನ ಬಿಸಿಯನ್ನು ಹಿಂಬದಿಗೆ ದೂಡುವುದಷ್ಟೆ. ಅದರದೇ ದೈತ್ಯರೂಪ ಇವು. ಹೊರಗಾಳಿಯು ಕಾದಷ್ಟೂ ಇವುಗಳಿಗೆ ಶ್ರಮ ಹೆಚ್ಚು. ಒಳಗಿನ ಒತ್ತಡವು ಮಿತಿಮೀರಿತೆಂದರೆ ಯಂತ್ರವು ಆತ್ಮರಕ್ಷಣೆಗಾಗಿ ತಾನೇ ನಿಂತುಬಿಡುವುದು, ಅದೂ ಅತ್ಯಂತ ಅಗತ್ಯವಾದ ಗಳಿಗೆಯಲ್ಲಿ. ಇದು ಸಾಲದೆಂಬಂತೆ, ಒಂದು ಯಂತ್ರವು ಉಗುಳಿದ ಬಿಸಿಗಾಳಿಯನ್ನು ಪಕ್ಕದ ಯಂತ್ರವು ಸೇದಿಕೊಳ್ಳುತ್ತದೆ. ಹವಾಮಾನ ಇಲಾಖೆಯವರು ಹೇಳಿದ ಅಂಕಿಗಿಂತ ಛಾವಣಿಯ ಬಿಸಿ ಎಷ್ಟೋ ಹೆಚ್ಚಿರುತ್ತದೆ. ಆ ಬೇಸಗೆಯಲ್ಲಿ ಲಂಡನ್ನಿನ ಕೆಲವೆಡೆ ಛಾವಣಿಯ ಯಂತ್ರಗಳಿಗೆ ರಬ್ಬರು ಕೊಳವೆಯಿಂದ ನೀರೆರಚಿದರೆಂದು ವರದಿಯಾಯಿತು. ಕೋಟಿಗಟ್ಟಲೆ ಬೆಲೆಯ ವ್ಯವಸ್ಥೆಗೆ ಮಾಲಿಯ ಉಪಚಾರ!

ಹೀಗಾಗಿ ಇಂಜಿನಿಯರನ ಲೆಕ್ಕವೆಲ್ಲ ಆರಂಭದಲ್ಲಿ ಬರೆಯುವ ಒಂದೇ ಅಂಕಿಯ ಮೇಲೆ ನಿಲ್ಲುತ್ತದೆ: ಎಷ್ಟು ಡಿಗ್ರಿಯ ದಿನವನ್ನು ಈ ಯಂತ್ರಗಳು ತಾಳಬೇಕು? 35 ಎಂದರೆ ಅಗ್ಗ. 45 ಎಂದರೆ ಯಂತ್ರಗಳು ದೊಡ್ಡವಾಗಬೇಕು, ಛಾವಣಿ ವಿಸ್ತಾರವಾಗಬೇಕು. ಲಂಡನ್ನಿನಂಥ ಊರಿನಲ್ಲಿ ಆ ಹೆಚ್ಚಿನ ಸಾಮರ್ಥ್ಯವು ವರ್ಷದ ಬಹುಪಾಲು ಸುಮ್ಮನೆ ನಿಂತಿರುತ್ತದೆ. ಹಣ ಹೂಡುವ ಧಣಿಗೆ ಅದು ದುಂದಾಗಿ ಕಂಡರೆ ಆಶ್ಚರ್ಯವಿಲ್ಲ. ಅವನನ್ನು ಒಪ್ಪಿಸುವ ಕೆಲಸವೇ ನಕ್ಷೆ ಬರೆಯುವುದಕ್ಕಿಂತ ಕಠಿಣವಾದದ್ದು. ಏಕೆಂದರೆ ಇಂಜಿನಿಯರನ ಕೈಯಲ್ಲಿರುವ ಸಾಕ್ಷ್ಯವು ಕಳೆದುಹೋದ ಬೇಸಗೆಗಳ ದಾಖಲೆ. ಯಂತ್ರಗಳು ದುಡಿಯಬೇಕಾದದ್ದೋ ಮುಂದಿನ ಹದಿನೈದಿಪ್ಪತ್ತು ಬೇಸಗೆಗಳಲ್ಲಿ. 2019ರ ಜುಲೈನಲ್ಲಿ ಕೇಂಬ್ರಿಜ್ಜಿನಲ್ಲಿ 38.7 ಡಿಗ್ರಿ ದಾಖಲಾದಾಗ ಅದೇ ಬ್ರಿಟನ್ನಿನ ಅತ್ಯುಚ್ಚ ಅಂಕಿಯಾಗಿದ್ದಿತು. ಅದು ಬಾಳಿದ್ದು ಮೂರೇ ವರ್ಷ.